ದ್ವೀಪಯಾನಕ್ಕೆ ಮುನ್ನ: ಬಿಸಿಲು, ಮಳೆ, ಕಡಲು

ರಜೆ ಬಂತೆಂದರೆ ಅಂಡಮಾನಿಗೆ ಹೊರಡುವ ಕುಟುಂಬಗಳು ನಮ್ಮಲ್ಲಿ ಈಗ ಸಾಕಷ್ಟಿವೆ. ಎಲ್‌ಟಿಸಿ ಸೌಲಭ್ಯ ಪಡೆದು ಅಜ್ಜ-ಅಜ್ಜಿ, ಮಕ್ಕಳು-ಮರಿಗಳೊಂದಿಗೆ ಹೋಗುವವರೂ ಉಂಟು. ಟಿಕೆಟ್ಟು, ಹೋಟೆಲು, ಕ್ಯಾಮೆರಾ ಎಲ್ಲದರ ಏರ್ಪಾಡೂ ಆಗಿರುತ್ತದೆ. ಆದರೆ ಅಲ್ಲಿನ ಹವೆ ಮತ್ತು ಕಡಲು ನಮ್ಮ ದೇಹಕ್ಕೆ ಏನು ಮಾಡಬಲ್ಲವು ಎಂಬುದನ್ನು ಯೋಚಿಸುವವರು ಕಡಿಮೆ. ಹ್ಯಾವ್‌ಲಾಕ್ (2018ರಿಂದ ಸ್ವರಾಜ್ ದ್ವೀಪ), ನೀಲ್ (ಶಹೀದ್ ದ್ವೀಪ) ಮುಂತಾದ ಕಡೆ ಹೋಗುವವರು ತಿಳಿದಿರಬೇಕಾದ ಕೆಲವು ವಿಷಯಗಳು ಇಲ್ಲಿವೆ.

ಯಾವ ಕಾಲ ಒಳ್ಳೆಯದು?

ಅಂಡಮಾನಿನಲ್ಲಿ ಚಳಿಗಾಲವೆಂಬುದಿಲ್ಲ. ವರ್ಷವಿಡೀ ಉಷ್ಣಾಂಶ ಸುಮಾರು 23ರಿಂದ 32 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಅಲ್ಲಿ ಋತುಗಳನ್ನು ನಿರ್ಧರಿಸುವುದು ಮಳೆ ಮತ್ತು ಗಾಳಿ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ.

ಮುಂಗಾರು ಕೇರಳಕ್ಕೆ ಬರುವ ಮೊದಲೇ, ಸಾಮಾನ್ಯವಾಗಿ ಮೇ ಮೂರನೆಯ ವಾರದ ಹೊತ್ತಿಗೆ, ಅಂಡಮಾನನ್ನು ಮುಟ್ಟುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಚಂಡಮಾರುತಗಳ ಕಾಲ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ತೀರಾ ಕಡಿಮೆ, ನೀರು ಶಾಂತ ಮತ್ತು ತಿಳಿ.

ನಮ್ಮ ಶಾಲೆಗಳ ರಜೆಯನ್ನು ಇದರೊಡನೆ ಹೋಲಿಸಿ ನೋಡಿ. ದಸರಾ ರಜೆ ಚಂಡಮಾರುತದ ಅವಧಿಯಲ್ಲಿ ಬರುತ್ತದೆ. ಬೇಸಿಗೆ ರಜೆಯ ಮೊದಲ ಭಾಗದಲ್ಲಿ ಕಡಲು ಶಾಂತವಾಗಿದ್ದರೂ ಬಿಸಿಲು ಅತ್ಯಂತ ಪ್ರಖರ. ಕೊನೆಯ ಭಾಗದಲ್ಲಿ ಮುಂಗಾರು ಇದಿರಾಗಬಹುದು. ಹೋಗಬಾರದು ಎಂದಲ್ಲ, ಯಾವ ಕಾಲದಲ್ಲಿ ಯಾವ ಎಚ್ಚರ ಬೇಕೆಂದು ತಿಳಿದು ಹೋಗಬೇಕು.

ಗಡಿಯಾರ ನಂಬಬೇಡಿ

ಹ್ಯಾವ್‌ಲಾಕ್ ಹೆಚ್ಚುಕಡಿಮೆ ನಮ್ಮ ಮೈಸೂರಿನ ಅಕ್ಷಾಂಶದಲ್ಲೇ ಇದೆ. ಏಪ್ರಿಲ್ ಕೊನೆಯ ಭಾಗದಲ್ಲಿ ಸೂರ್ಯ ಎರಡೂ ಕಡೆ ನಡುನೆತ್ತಿಯ ಮೇಲೆ ಬರುತ್ತಾನೆ. ಆದರೆ ಅಂಡಮಾನ್ ಬಹಳ ಪೂರ್ವಕ್ಕಿದ್ದು, ಗಡಿಯಾರ ಮಾತ್ರ ಭಾರತೀಯ ಕಾಲಮಾನದ್ದೇ. ಹಾಗಾಗಿ ಅಲ್ಲಿ ಐದರ ಸುಮಾರಿಗೇ ಬೆಳಕಾಗುತ್ತದೆ, ಸಂಜೆ ಐದೂವರೆಯ ವೇಳೆಗೆ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.20ಕ್ಕೆ, ಅಲ್ಲಿ 11.20ರ ಹೊತ್ತಿಗೆ. ‘ಹತ್ತರಿಂದ ಮೂರರವರೆಗೆ ಬಿಸಿಲಿಗೆ ಹೋಗಬೇಡಿ’ ಎಂಬ ಸಲಹೆಯನ್ನು ಅಲ್ಲಿ ‘ಒಂಬತ್ತರಿಂದ ಎರಡರವರೆಗೆ’ ಎಂದು ತಿದ್ದಿಕೊಳ್ಳಬೇಕು. ತಿಂಡಿ ಮುಗಿಸಿ ನಿಧಾನವಾಗಿ ಒಂಬತ್ತೂವರೆಗೆ ನೀರಿಗಿಳಿಯುವವರು ಅತ್ಯಂತ ಕಠಿಣ ಬಿಸಿಲಿಗೇ ಮೈಯೊಡ್ಡಿರುತ್ತಾರೆ.

ನೀರಿನಲ್ಲಿರುವಾಗ ಚರ್ಮ ತಂಪಾಗಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ. ತೆಳುಮೋಡ ಕವಿದಿದ್ದರೂ ಅತಿನೇರಳೆ ಕಿರಣಗಳು ತೂರಿ ಬರುತ್ತವೆ. ಬಿಳಿ ಮರಳಿನಿಂದಲೂ ಪ್ರತಿಫಲಿಸುತ್ತವೆ. ‘ನಮ್ಮದು ಕಂದು ಚರ್ಮ, ಏನೂ ಆಗುವುದಿಲ್ಲ’ ಎಂಬುದು ಅರ್ಧ ಸತ್ಯ ಮಾತ್ರ. ಮುಖ ಕೆಳಗೆ ಮಾಡಿ ತೇಲುತ್ತಾ ಹವಳ ನೋಡುವವರಿಗೆ ಬೆನ್ನು, ಕತ್ತಿನ ಹಿಂಭಾಗ ಹಾಗೂ ಮೊಣಕಾಲಿನ ಹಿಂಭಾಗ ಸುಡುತ್ತದೆ. ತೋಳು ಮುಚ್ಚುವ ಬನಿಯನ್ ಅಥವಾ ಟೀ ಶರ್ಟ್ ಧರಿಸಿಯೇ ನೀರಿಗಿಳಿಯುವುದು ಉತ್ತಮ. ಎಸ್‌ಪಿಎಫ್ 30ಕ್ಕಿಂತ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬಳಸಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಿ. ಸುಟ್ಟ ಚರ್ಮಕ್ಕೆ ತಣ್ಣೀರು ಬಟ್ಟೆ ಸಾಕು. ಗುಳ್ಳೆಗಳನ್ನು ಒಡೆಯಬೇಡಿ.

ಗಾಳಿಯಲ್ಲಿ ತೇವಾಂಶ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ದೇಹ ತಂಪಾಗುವುದಿಲ್ಲ. ಬಾಯಾರಿಕೆಗೆ ಕಾಯದೆ ನೀರು, ಎಳನೀರು ಕುಡಿಯುತ್ತಿರಿ. ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಕಾಣಿಸಿದರೆ ನೆರಳಿಗೆ ಬಂದು ಮಲಗಿ, ಓಆರ್‌ಎಸ್ ಕುಡಿಯಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಮಾತು ತೊದಲಿ, ಮಂಕು ಕವಿದರೆ ಅದು ಬಿಸಿಲ ಆಘಾತ. ಮೈಗೆ ನೀರು ಹಾಕುತ್ತಾ, ಗಾಳಿ ಬೀಸುತ್ತಾ ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಕಡಲಿನ ಸೆಳವು

ಕಡಲತೀರದಲ್ಲಿ ಅತಿ ದೊಡ್ಡ ಅಪಾಯ ಅಲೆಯಲ್ಲ, ಸೆಳವು. ದಡಕ್ಕೆ ಬಂದ ಅಲೆಗಳ ನೀರು ಮರಳುದಿಬ್ಬದ ನಡುವಿನ ಸಂದಿನಿಂದ ಒಂದೇ ಕಡೆ ಕಡಲಿಗೆ ರಭಸವಾಗಿ ಹಿಂದಿರುಗುತ್ತದೆ. ಇದಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದರೂ ಆ ಜಾಗ ಮಾತ್ರ ಶಾಂತವಾಗಿ, ಗಾಢ ಬಣ್ಣದಲ್ಲಿ ಕಾಣುತ್ತದೆ. ‘ಇಲ್ಲಿ ಅಲೆ ಇಲ್ಲ’ ಎಂದು ಮಕ್ಕಳನ್ನು ಅಲ್ಲೇ ಇಳಿಸುವುದುಂಟು. ಮೋಸ ಇರುವುದು ಇಲ್ಲೇ.

ಸೆಳವಿಗೆ ಸಿಕ್ಕಿದವರು ಸಾಮಾನ್ಯವಾಗಿ ದಡದ ಕಡೆಗೇ ಈಜಲು ಹೆಣಗಿ, ಸುಸ್ತಾಗಿ ಮುಳುಗುತ್ತಾರೆ. ಎಂಥ ಈಜುಗಾರನೂ ಅದರೊಡನೆ ಸೆಣಸಿ ಗೆಲ್ಲಲಾರ. ಆದರೆ ಸೆಳವು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ; ದೂರಕ್ಕೆ ಒಯ್ಯುತ್ತದೆ ಅಷ್ಟೆ. ಗಾಬರಿಗೊಳ್ಳದೆ ತೇಲಿ, ಕೈ ಎತ್ತಿ ಸಹಾಯಕ್ಕೆ ಕೂಗಬೇಕು. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಓರೆಯಾಗಿ ದಡಕ್ಕೆ ಬರಬೇಕು. ದಡದಲ್ಲಿದ್ದವರು ತಾವೂ ಹಾರದೆ, ತೇಲುವ ಟ್ಯೂಬು, ಖಾಲಿ ಕ್ಯಾನು, ಏನಾದರೂ ಎಸೆಯಬೇಕು. ರಾಧಾನಗರ ಕಡಲತೀರ ಹ್ಯಾವ್‌ಲಾಕಿನ ಪಶ್ಚಿಮಕ್ಕಿರುವುದರಿಂದ ಮುಂಗಾರಿನ ಅಲೆಗಳಿಗೆ ನೇರ ಗುರಿ. ಆಗ ಕೆಂಪು ಬಾವುಟ ಕಂಡರೆ ಪಾದ ತೋಯಿಸುವುದಷ್ಟೇ ಸಾಕು.

ನೀರಿನಿಂದ ಎತ್ತಿದವರಿಗೆ ಉಸಿರಿಲ್ಲದಿದ್ದರೆ ಹೊಟ್ಟೆ ಅದುಮುವುದು, ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು ತಪ್ಪು. ಅಮೂಲ್ಯ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ. ಮೊದಲು ಬಾಯಿಗೆ ಬಾಯಿಟ್ಟು ಉಸಿರು ನೀಡಿ, ನಂತರ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯ ವೇಗದಲ್ಲಿ ಒತ್ತಬೇಕು. 30 ಒತ್ತಿಗೆ ಎರಡು ಉಸಿರು. ಚೇತರಿಸಿಕೊಂಡವರನ್ನೂ ವೈದ್ಯರಿಗೆ ತೋರಿಸಲೇಬೇಕು. ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು.

ಉಬ್ಬರ, ಇಳಿತ, ಜೀವಜಂತುಗಳು

ದಿನಕ್ಕೆ ಎರಡು ಸಲ ಕಡಲು ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಇಳಿತದ ವೇಳೆ ನೀಲ್ ದ್ವೀಪದ ತೀರದಲ್ಲಿ ಹವಳದ ಬಂಡೆಗಳು ಹೊರಬೀಳುತ್ತವೆ. ಬರಿಗಾಲಿನಲ್ಲಿ ನಡೆದರೆ ಕೊಯ್ದ ಗಾಯ, ಕಡಲಮುಳ್ಳಿನ ಚುಚ್ಚು ಖಂಡಿತ. ಹವಳದ ಗಾಯ ಚಿಕ್ಕದಾದರೂ ಬೇಗ ಕೀವಾಗುತ್ತದೆ; ಸೋಪು, ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಲೋಳೆಮೀನು ಕುಟುಕಿದರೆ ಉಜ್ಜಬೇಡಿ. ಸಮುದ್ರದ ನೀರಿನಿಂದಲೇ ತೊಳೆದು ವೈದ್ಯರನ್ನು ಕಾಣಿ. ಉಸಿರಾಟಕ್ಕೆ ಕಷ್ಟವಾದರೆ ಅದು ತುರ್ತು ಸ್ಥಿತಿ.

ಅಂಡಮಾನಿನ ಕಾಂಡ್ಲಾ ಕಾಡಿನ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕಿನಲ್ಲೇ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿರುವ ಕಡೆ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ.

ಹಡಗಿನ ವಾಂತಿ, ಔಷಧದ ಚೀಲ

ಪೋರ್ಟ್ ಬ್ಲೇರ್‌ನಿಂದ (2024ರಿಂದ ಶ್ರೀ ವಿಜಯಪುರಂ) ಹ್ಯಾವ್‌ಲಾಕಿಗೆ ಸುಮಾರು ಎರಡು ಗಂಟೆಯ ಹಡಗು ಪ್ರಯಾಣ. ಒಳಕಿವಿಗೆ ಅಲುಗಾಟ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಈ ಗೊಂದಲವೇ ವಾಂತಿಗೆ ಕಾರಣ. ಹಡಗಿನ ಮಧ್ಯಭಾಗದಲ್ಲಿ ಕುಳಿತು ದೂರದ ದಿಗಂತ ನೋಡಿ. ಪುಸ್ತಕ, ಮೊಬೈಲ್ ಬೇಡ. ಲಘು ಆಹಾರ ಸೇವಿಸಿರಿ. ವೈದ್ಯರು ಸೂಚಿಸಿದ ಮಾತ್ರೆಯನ್ನು ಹಡಗು ಏರಿದ ಮೇಲಲ್ಲ, ಒಂದು ಗಂಟೆ ಮೊದಲೇ ನುಂಗಬೇಕು. ಅದರಿಂದ ತೂಕಡಿಕೆ ಬರುವುದರಿಂದ ಅಂದು ಈಜು ಬೇಡ.

ಡಿಸೆಂಬರ್ 2016ರಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಹಡಗುಗಳು ನಿಂತು, ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಹ್ಯಾವ್‌ಲಾಕ್ ಮತ್ತು ನೀಲ್‌ನಲ್ಲಿ ಸಿಕ್ಕಿಬಿದ್ದಿದ್ದರು. ನೌಕಾಪಡೆ ಅವರನ್ನು ಕರೆತರಬೇಕಾಯಿತು. ಹ್ಯಾವ್‌ಲಾಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದ್ದರೂ ದೊಡ್ಡ ಆಸ್ಪತ್ರೆಗೆ ಕಡಲು ದಾಟಬೇಕು. ಆದ್ದರಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ ಇರುವವರು ಪ್ರವಾಸದ ದಿನಗಳಿಗಿಂತ ಕನಿಷ್ಠ ಒಂದು ವಾರ ಹೆಚ್ಚಿನ ಔಷಧ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಇನ್ಸುಲಿನ್ ಬಿಸಿಲಿಗೆ ಸಿಗಬಾರದು. ಸ್ಕೂಬಾ ಡೈವಿಂಗ್ ಮಾಡುವವರು ಹೃದಯ, ಆಸ್ತಮಾ, ಕಿವಿಯ ತೊಂದರೆಗಳನ್ನು ಮುಚ್ಚಿಡಬಾರದು. ನೆಗಡಿ ಇದ್ದಾಗ ಇಳಿಯಲೇಬಾರದು. ಡೈವಿಂಗ್ ನಂತರ 24 ಗಂಟೆ ವಿಮಾನ ಏರದಿರುವುದು ಕ್ಷೇಮ.

ಹಿಂದಿರುಗುವ ವಿಮಾನಕ್ಕೆ ಒಂದು ದಿನ ಮೊದಲೇ ಪೋರ್ಟ್ ಬ್ಲೇರ್ ಸೇರುವಂತೆ ಯೋಜಿಸಿ. ಮನೆಗೆ ಬಂದ ಕೆಲ ವಾರಗಳೊಳಗೆ ಚಳಿಜ್ವರ ಬಂದರೆ ದ್ವೀಪಕ್ಕೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಮಲೇರಿಯಾ, ಡೆಂಗಿ ಪರೀಕ್ಷೆ ಅಗತ್ಯವಾಗಬಹುದು. ಹೊರಡುವ ಬೆಳಿಗ್ಗೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ, ನೀರಿಗಿಳಿಯುವ ಮುನ್ನ ಸ್ಥಳೀಯ ಜೀವರಕ್ಷಕರನ್ನು ಕೇಳಿ. ಅವರು ಬೇಡವೆಂದರೆ ವಾದ ಬೇಡ.