ಕೊಂಡ ಆಟ ಯಾರದು?

ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ಸಂಜೆ ಅಡ್ಡಾಡುವವರ ಕಣ್ಣಿಗೆ ಮೂರು ಬಗೆಯ ಫಲಕಗಳು ಬೀಳದೆ ಇರವು. ಆರ್.ಟಿ. ನಗರದಲ್ಲಾಗಲಿ, ಯಲಹಂಕ ಉಪನಗರದಲ್ಲಾಗಲಿ, ಒಂದು ಮನೆಯ ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ಹಲಗೆ. ಇನ್ನೊಂದಕ್ಕೆ ‘ಭೋಗ್ಯಕ್ಕೆ ಇದೆ’. ಮತ್ತೊಂದಕ್ಕೆ ‘ಮಾರಾಟಕ್ಕೆ ಇದೆ’. ಈ ಮೂರರ ವ್ಯತ್ಯಾಸವನ್ನು ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಾಡಿಗೆಯವನು ತಿಂಗಳಿಗೊಮ್ಮೆ ಹಣ ತೆರುತ್ತಾನೆ. ಯಜಮಾನ ಹೇಳಿದಾಗ ಬಿಟ್ಟು ಹೋಗುತ್ತಾನೆ. ಭೋಗ್ಯದವನು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ವಾಯಿದೆ ಮುಗಿದಾಗ ಮನೆಯನ್ನು ಬಿಟ್ಟುಕೊಟ್ಟು, ತನ್ನ ಹಣವನ್ನು ಹಿಂದಕ್ಕೆ ಪಡೆಯುತ್ತಾನೆ. ಕ್ರಯಕ್ಕೆ ಕೊಂಡವನಾದರೋ ಪತ್ರ ನೋಂದಾಯಿಸಿಕೊಂಡು, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ ಮೇಲೆ, ಮಾರಿದವನ ಮುಖವನ್ನು ಮತ್ತೆ ನೋಡಬೇಕಾದ ಅಗತ್ಯವೇ ಇಲ್ಲ.

ಈಗ ನಾಲ್ಕನೆಯ ಬಗೆಯೊಂದು ನಮ್ಮ ಮನೆಗಳ ಒಳಗೇ ಬಂದು ಕುಳಿತಿದೆ. ಅದರ ಮೇಲಿನ ಫಲಕ ಮಾರಾಟದ್ದು. ತೆರುವ ಬೆಲೆಯೂ ಮಾರಾಟದ್ದೇ. ಕರಾರು ಮಾತ್ರ ಬಾಡಿಗೆಗಿಂತ ಕಡೆ. ಭೋಗ್ಯದ ಹಣದಂತೆ ಕೊಟ್ಟದ್ದು ಹಿಂದಕ್ಕೆ ಬರುವುದೂ ಇಲ್ಲ. ನಾನು ಹೇಳುತ್ತಿರುವುದು ಕಂಪ್ಯೂಟರಿನಲ್ಲಿ ಆಡುವ ಆಟಗಳ ಮಾತು. ‘ಆಟದ ವಿಷಯಕ್ಕೆ ಸಾಹಿತ್ಯದ ಪುಟವೇಕೆ?’ ಎಂದು ಹುಬ್ಬೇರಿಸುವ ವಾಚಕರು ಇದ್ದಾರು. ಅವರಲ್ಲಿ ಒಂದು ಅರಿಕೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಆದ ತಿದ್ದುಪಡಿಯು ಕಂಪ್ಯೂಟರ್ ಪ್ರೋಗ್ರಾಮುಗಳನ್ನು ‘ಸಾಹಿತ್ಯ ಕೃತಿ’ಗಳ ಸಾಲಿಗೇ ಸೇರಿಸಿತು. ಕಾನೂನಿನ ಕಣ್ಣಿನಲ್ಲಿ ಕಾದಂಬರಿಯೂ ಆಟವನ್ನು ನಡೆಸುವ ಪ್ರೋಗ್ರಾಮೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಇಂದು ಒಂದಕ್ಕೆ ಒದಗಿದ ಗತಿ ನಾಳೆ ಇನ್ನೊಂದಕ್ಕೂ ಒದಗಬಹುದು.

‘ಕೊಳ್ಳು’ ಎಂಬ ನಮ್ಮ ಕ್ರಿಯಾಪದ ಬಹು ಅರ್ಥವತ್ತಾದದ್ದು. ಹಣ ಕೊಟ್ಟು ಪಡೆಯುವುದು ಅದರ ಒಂದು ಅರ್ಥ. ಬೇರೆ ಕ್ರಿಯಾಪದದ ಬೆನ್ನಿಗೆ ಬಂದಾಗ ಅದು ಕೆಲಸದ ಫಲವನ್ನು ಮಾಡಿದವನ ಕಡೆಗೆ ತಿರುಗಿಸುತ್ತದೆ. ‘ಮಾಡಿದ’ ಎಂದರೆ ಯಾರಿಗೋ ಮಾಡಿರಬಹುದು. ‘ಮಾಡಿಕೊಂಡ’ ಎಂದರೆ ತನಗಾಗಿ. ಕೊಂಡದ್ದು ತನ್ನದು ಎಂಬ ಭಾವ ವ್ಯಾಕರಣದಲ್ಲಿಯೇ ಬೆರೆತುಹೋಗಿದೆ. ಆಟದ ಅಂಗಡಿಗಳು ಈ ಪದವನ್ನು ಬಳಸುತ್ತಲೇ ಅದರ ತಿರುಳನ್ನು ತೆಗೆದುಬಿಟ್ಟಿವೆ ಎಂಬುದೇ ನನ್ನ ತಕರಾರು.

ಅದು ಹೇಗೆಂದರೆ, ಆಟಕ್ಕೆ ಎರಡು ಕಾವಲುಗಳಿರುತ್ತವೆ. ಮೊದಲನೆಯದು ನಕಲು ತಡೆಯುವ ಬೀಗ. ಇದು ಆಟದ ಫೈಲುಗಳ ಒಳಗೇ ಹುದುಗಿದ್ದು, ಆಡುವವನು ಹಣ ಕೊಟ್ಟವನೇ ಎಂದು ಪರೀಕ್ಷಿಸುತ್ತದೆ. ಎರಡನೆಯದು ‘ಲಾಂಚರ್’ ಎಂಬ ದ್ವಾರಪಾಲಕ. ಇದು ಆಟಕ್ಕಿಂತ ಬೇರೆಯಾದ ಇನ್ನೊಂದು ಪ್ರೋಗ್ರಾಮು. ಮೊದಲು ಇದನ್ನು ತೆರೆದು, ಹೆಸರು, ಗುಪ್ತಪದ ಒಪ್ಪಿಸಿ, ಅದು ದೂರದೇಶದ ಸರ್ವರನ್ನು ವಿಚಾರಿಸಿ ಬಂದ ಮೇಲೆ ಆಟ ಆರಂಭ. ಮನೆ ಮಾರಿದವನು ಬೀಗದ ಕೈಯನ್ನು ತನ್ನಲ್ಲಿಯೇ ಇಟ್ಟುಕೊಂಡು, ‘ಪ್ರತಿ ಸಂಜೆ ನಾನೇ ಬಂದು ಬಾಗಿಲು ತೆರೆದುಕೊಡುತ್ತೇನೆ, ಚಿಂತೆ ಬೇಡ’ ಎಂದಂತೆ.

ಯಲಹಂಕದಲ್ಲಿರುವ ನನ್ನ ತಂಗಿಯ ಮಗ ಇಂಥದೊಂದು ಆಟಕ್ಕೆ ತನ್ನ ಉಳಿತಾಯದಿಂದ ಹಣ ತೆತ್ತಿದ್ದ. ಒಂದು ವಾರ ಅವರ ಬೀದಿಯನ್ನು ಯಾವುದೋ ಕೊಳವೆಗಾಗಿ ಅಗೆದರು. ಅಗೆದವರ ಗುದ್ದಲಿಗೆ ಅಂತರಜಾಲದ ಕೇಬಲ್ಲು ಬಲಿಯಾಯಿತು. ಒಬ್ಬನೇ ಕುಳಿತು ಆಡುವ ಆಟ. ಜಾಲದ ಹಂಗಿಲ್ಲದೆ ನಡೆಯಬೇಕಾದದ್ದು. ಆದರೂ ಲಾಂಚರ್ ಬಾಗಿಲು ತೆರೆಯಲೊಲ್ಲದು. “ಮಾಮ, ದುಡ್ಡು ಕೊಟ್ಟಿದ್ದೇನೆ, ಆಟ ಇದೇ ಕಂಪ್ಯೂಟರಿನಲ್ಲಿದೆ. ಆದರೂ ಯಾರ ಅಪ್ಪಣೆ ಬೇಕು?” ಎಂದು ಅವನು ಕೇಳಿದ. ಹುಡುಗನ ಪ್ರಶ್ನೆ ಸಣ್ಣದಲ್ಲ. ಅದೇ ಹೊತ್ತಿನಲ್ಲಿ, ಹಣವನ್ನೇ ಕೊಡದೆ ಬೀಗ ಒಡೆದ ಪ್ರತಿಯನ್ನು ತಂದುಕೊಂಡ ಅವನ ಸಹಪಾಠಿ ನಿಶ್ಚಿಂತೆಯಿಂದ ಆಡುತ್ತಿದ್ದ. ಬೀಗದ ಕಷ್ಟವೆಲ್ಲ ಪ್ರಾಮಾಣಿಕನ ಪಾಲಿಗೆ, ಸುಖ ಕಳ್ಳನ ಪಾಲಿಗೆ ಎಂದಾದರೆ, ನಾವು ಮಕ್ಕಳಿಗೆ ಕಲಿಸುತ್ತಿರುವ ನೀತಿ ಯಾವುದು?

ಈ ಬೀಗಗಳ ಚರಿತ್ರೆ ಹಳೆಯದು. 1989ರಲ್ಲಿ ಹೊರಬಂದು, ಮುಂದೆ ನಮ್ಮ ಕಂಪ್ಯೂಟರ್ ತರಗತಿಗಳ ವಿದ್ಯಾರ್ಥಿಗಳನ್ನೂ ಮರುಳುಮಾಡಿದ ‘ಪ್ರಿನ್ಸ್ ಆಫ್ ಪರ್ಶಿಯಾ’ವನ್ನು ಕೆಲವರಾದರೂ ಬಲ್ಲರು. ಅದರ ಪಿ.ಸಿ. ಆವೃತ್ತಿಯಲ್ಲಿ ಮೊದಲ ಹಂತ ಮುಗಿದೊಡನೆ ಔಷಧದ ಕುಪ್ಪಿಗಳ ಒಂದು ಕೋಣೆ. ಆಟದ ಜತೆಗೆ ಬಂದ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲಕ್ಷರ ಯಾವುದೋ ಆ ಕುಪ್ಪಿಯನ್ನೇ ಕುಡಿಯಬೇಕು. ತಪ್ಪಿದರೆ ರಾಜಕುಮಾರನಿಗೆ ಮರಣ. ಉಪದ್ರವವೇ ಸರಿ, ಆದರೂ ಕೈಪಿಡಿ ಕಪಾಟಿನಲ್ಲಿ ಇರುವವರೆಗೆ ಬೀಗದ ಕೈ ಕೊಂಡವನಲ್ಲಿಯೇ ಇತ್ತು. ಬಳಿಕ ಸಿ.ಡಿ.ಗಳ ಕಾಲ ಬಂದಿತು. ‘ಸೇಫ್‌ಡಿಸ್ಕ್’, ‘ಸೆಕ್ಯೂರಾಮ್’ ಮೊದಲಾದ ಬೀಗಗಳು ಡಿಸ್ಕಿಗೇ ಬೆಸೆದುಕೊಂಡವು. 2015ರಲ್ಲಿ ಬಂದ ವಿಂಡೋಸ್ 10, ಭದ್ರತೆಯ ಕಾರಣದಿಂದ, ಸೇಫ್‌ಡಿಸ್ಕಿಗೆ ಬೇಕಾದ ಸಲಕರಣೆಯನ್ನು ಕೈಬಿಟ್ಟಿತು. ಅಂದಿನಿಂದ ಹಣಕೊಟ್ಟು ಕೊಂಡ ಎಷ್ಟೋ ಡಿಸ್ಕುಗಳು, ಒಂದು ಗೀರೂ ಇಲ್ಲದಿದ್ದರೂ, ಹೊಸ ಯಂತ್ರಗಳಲ್ಲಿ ಬಾಯಿಬಿಡವು. ಆಟ ಬದುಕಿದೆ, ಬೀಗ ತುಕ್ಕುಹಿಡಿದು ಬಾಗಿಲು ಮುಚ್ಚಿಹೋಗಿದೆ.

ಮೂರನೆಯ ಘಟ್ಟ ಜಾಲದ್ದು. ‘ಸ್ಟೀಮ್’ ಎಂಬ ಅಂಗಡಿ 2003ರಲ್ಲಿ ತೆರೆಯಿತು. ಮರುವರ್ಷ ‘ಹಾಫ್-ಲೈಫ್ 2’ ಆಟವನ್ನು ಪೆಟ್ಟಿಗೆಯಲ್ಲಿ ಕೊಂಡವರೂ ಅದರ ಮೂಲಕವೇ ಆಡಬೇಕಾಯಿತು. 2010ರಲ್ಲಿ ಯೂಬಿಸಾಫ್ಟ್ ಸಂಸ್ಥೆ, ಒಬ್ಬನೇ ಆಡುವ ಆಟಕ್ಕೂ ಜಾಲದ ಸಂಪರ್ಕ ಎಡೆಬಿಡದೆ ಇರಬೇಕೆಂದು ವಿಧಿಸಿತು. ಅದೇ ಮಾರ್ಚಿಯಲ್ಲಿ ಸರ್ವರುಗಳು ಕೆಟ್ಟು ಕೊಂಡವರು ಕೈಕಟ್ಟಿ ಕುಳಿತರು. ಅದೇ ಸಂಸ್ಥೆ 2014ರಲ್ಲಿ ಮಾರಿದ ‘ದಿ ಕ್ರ್ಯೂ’ ಎಂಬ ಕಾರು ಪಂದ್ಯದ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬನೇ ಆಡಬಹುದಾದ ಭಾಗವೂ ಅದರೊಡನೆ ಮಾಯವಾಯಿತು. ಬಳಿಕ ಕೊಂಡವರ ಖಾತೆಗಳಿಂದ ಪರವಾನಗಿಯನ್ನೂ ಹಿಂತೆಗೆದುಕೊಂಡರು. ಇದರಿಂದ ಎದ್ದ ಕೋಲಾಹಲ ಯೂರೋಪಿನಲ್ಲಿ ನಾಗರಿಕರ ಮನವಿಯ ರೂಪ ತಾಳಿ, 2025ರ ಜುಲೈಯಲ್ಲಿ ಹತ್ತು ಲಕ್ಷ ಸಹಿಗಳನ್ನು ದಾಟಿತು. ಮಾರಿದ ಆಟವನ್ನು ನಿಲ್ಲಿಸುವಾಗ, ಅದು ಆಡಲು ಬರುವ ಸ್ಥಿತಿಯಲ್ಲಿಯೇ ಇರುವಂತೆ ಬಿಟ್ಟುಹೋಗಿ ಎಂಬುದಷ್ಟೇ ಅವರ ಬೇಡಿಕೆ.

ಇದು ಆಟಗಾರರ ಗೋಳು ಮಾತ್ರವೆಂದು ಓದುಗರು ನಿಶ್ಚಿಂತರಾಗಿ ಇರುವಂತಿಲ್ಲ. 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆ, ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣಕ್ಕೆ, ಗ್ರಾಹಕರ ಕಿಂಡಲ್ ಯಂತ್ರಗಳಲ್ಲಿದ್ದ ಪುಸ್ತಕದ ಪ್ರತಿಗಳನ್ನು ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಕ್ಷಮೆಯನ್ನೂ ಕೋರಿತು. ಆದರೆ ಅಳಿಸಿದ ಪುಸ್ತಕಗಳಲ್ಲಿ ಒಂದು ಜಾರ್ಜ್ ಆರ್ವೆಲ್ಲರ ‘1984’! ವಿಧಿಯ ವಿನೋದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಮಾರುವವರ ಪಕ್ಷದಲ್ಲಿ ಹೇಳುವುದು ಏನೂ ಇಲ್ಲವೇ? ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಟವನ್ನು ರಚಿಸುವವರು ನಮ್ಮ ಊರಿನವರೂ ಹೌದು. ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಸಂಸ್ಥೆ ಬೆಂಗಳೂರಿನಲ್ಲಿ 1997ರಲ್ಲಿಯೇ ಹುಟ್ಟಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಚಿತ್ರಕಾರರು, ಸಂಗೀತಗಾರರು, ಪ್ರೋಗ್ರಾಮು ಬರೆಯುವವರು ವರ್ಷಗಟ್ಟಲೆ ದುಡಿದು ಕಟ್ಟಿದ ಕೃತಿಯನ್ನು ಒಂದು ಕ್ಷಣದಲ್ಲಿ ನಕಲು ಮಾಡಿಕೊಳ್ಳುವವನು ಅವರ ಅನ್ನಕ್ಕೇ ಕೈಹಾಕಿದಂತೆ. ಮೆಜೆಸ್ಟಿಕ್ಕಿನ ಸುತ್ತಿನ ಮಳಿಗೆಗಳಲ್ಲಿ ನಕಲಿ ಡಿಸ್ಕುಗಳು ಬಿಕರಿಯಾಗುತ್ತಿದ್ದ ಕಾಲವನ್ನು ಕಂಡ ಯಾರೂ ರಚಕನ ಭಯವನ್ನು ಹುಸಿಯೆನ್ನಲಾರರು. ಪ್ರಶ್ನೆ ಇರುವುದು ಮದ್ದಿನ ಬಗ್ಗೆ. ಬೀಗವನ್ನು ಒಬ್ಬ ಒಡೆದು ಹಂಚಿದರೆ ಸಾಕು, ಉಳಿದ ಕಳ್ಳರಿಗೆ ಬೀಗವೇ ಇಲ್ಲ. ಹಣ ಕೊಟ್ಟವನಿಗೆ ಮಾತ್ರ ಅದು ಆಟ ಇರುವ ತನಕವೂ ಇರುತ್ತದೆ.

ಬೇರೆ ಮದ್ದು ಉಂಟೆಂಬುದನ್ನು ತೋರಿಸಿದವರು ಪೋಲೆಂಡಿನವರು. ನಕಲಿ ಡಿಸ್ಕುಗಳ ಹಾವಳಿ ಅಲ್ಲಿಯೂ ವಿಪರೀತವಾಗಿತ್ತು. 1994ರಲ್ಲಿ ಆರಂಭವಾದ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆ, ‘ಬಾಲ್ಡರ್ಸ್ ಗೇಟ್’ ಎಂಬ ದೊಡ್ಡ ಆಟವನ್ನು ಹೆಸರಾಂತ ನಟರ ಕಂಠದಲ್ಲಿ ಪೋಲಿಷ್ ಭಾಷೆಗೆ ತಂದು, ನಕ್ಷೆ, ಕೈಪಿಡಿಗಳೊಡನೆ ಪೆಟ್ಟಿಗೆಯಲ್ಲಿಟ್ಟು ಮಾರಿತು. ನಕಲಿಯವನು ಕೊಡಲಾಗದ್ದನ್ನು ಕೊಟ್ಟು ಗೆಲ್ಲುವುದು ಅವರ ಉಪಾಯ; ಅದು ಫಲಿಸಿತು. ಅದೇ ಸಂಸ್ಥೆ 2008ರಲ್ಲಿ ಹಳೆಯ ಆಟಗಳಿಗಾಗಿ ‘ಜಿ.ಒ.ಜಿ.’ ಎಂಬ ಅಂಗಡಿಯನ್ನು ಜಾಲದಲ್ಲಿ ತೆರೆದು, ನಕಲು ತಡೆಯುವ ಬೀಗವಿಲ್ಲದೆ ಮಾರುವುದನ್ನೇ ವ್ರತವಾಗಿ ಹಿಡಿಯಿತು. ಸಪ್ಕೋವ್ಸ್ಕಿಯವರ ಕಥೆಗಳಿಂದ ಹುಟ್ಟಿದ ‘ವಿಚರ್ 3’ ಆಟವನ್ನೂ 2015ರಲ್ಲಿ ಮೊದಲ ದಿನದಿಂದಲೇ ಬೀಗವಿಲ್ಲದೆ ಮಾರಿತು. ಅದು ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದ ಆಟಗಳಲ್ಲೊಂದು. ಗ್ರಾಹಕನನ್ನು ನಂಬಿದರೆ ಅಂಗಡಿ ಮುಳುಗುತ್ತದೆ ಎಂಬ ವಾದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ನಮ್ಮ ಕಾಯಿದೆ ಈ ವಿಷಯದಲ್ಲಿ ನಾವು ನೆನೆದಷ್ಟು ಕಠಿಣವಲ್ಲ. ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ನ್ಯಾಯವಾಗಿ ಪಡೆದ ಪ್ರೋಗ್ರಾಮು ನಷ್ಟವಾಗದಂತೆ ಕಾಪುಪ್ರತಿ ಮಾಡಿಕೊಳ್ಳುವುದನ್ನೂ, ಸ್ವಂತದ, ವ್ಯಾಪಾರೇತರ ಬಳಕೆಗಾಗಿ ಪ್ರತಿ ಮಾಡಿಕೊಳ್ಳುವುದನ್ನೂ ಅಪರಾಧವೆಂದು ಎಣಿಸುವುದಿಲ್ಲ. 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗವನ್ನು ಒಡೆಯುವವನಿಗೆ ಎರಡು ವರ್ಷದವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಆದರೆ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಒಡೆದಿರಬೇಕೆಂಬ ಮಾತನ್ನೂ ಸೇರಿಸಿದೆ. ಇದನ್ನು ಓದಿ ಯಾರೂ ಸುತ್ತಿಗೆ ಹಿಡಿದು ಹೊರಡಬೇಕಾಗಿಲ್ಲ. ಬೀಗ ಒಡೆಯುವುದಕ್ಕಿಂತ ಬೀಗವಿಲ್ಲದ್ದನ್ನು ಕೊಳ್ಳುವುದು ಲೇಸು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವಂತೂ ಪದದ ಮೇಲೆಯೇ ಕೈಯಿಟ್ಟಿತು. 2024ರಲ್ಲಿ ಅಂಗೀಕೃತವಾಗಿ 2025ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನಂತೆ, ಕೊಡುತ್ತಿರುವುದು ಪರವಾನಗಿ ಮಾತ್ರವೆಂದು ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂದು ಬರೆಯುವಂತಿಲ್ಲ. ಜಾಲದ ಸಹಾಯವಿಲ್ಲದೆ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಸರಕಿಗೆ ಈ ನಿರ್ಬಂಧವಿಲ್ಲ. ಅಂದರೆ, ನಿಜವಾಗಿ ಮಾರುವವನು ಮಾತ್ರ ಆ ಪದವನ್ನು ನಿರಾತಂಕವಾಗಿ ಬಳಸಬಲ್ಲ.

ನಾನು ಅನುಸರಿಸುವ ಕ್ರಮವನ್ನು ವಿದ್ಯಾರ್ಥಿಗಳ ಉಪಯೋಗಕ್ಕಾಗಿ ಹೇಳುತ್ತೇನೆ. ಹಣ ಕೊಡುವ ಮೊದಲು ಬೆಲೆಯ ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು. ಖಾತೆ ಬೇಕೇ, ಸದಾ ಜಾಲ ಬೇಕೇ, ಬೇರೆ ಲಾಂಚರ್ ಬೇಕೇ ಎಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಕೊಂಡ ದಿನವೇ ಅಳವಡಿಸುವ ಮೂಲ ಫೈಲನ್ನು ಇಳಿಸಿಕೊಂಡು, ಒಂದು ಪ್ರತಿಯನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿಟ್ಟು, ಆಟದ ಹೆಸರನ್ನೂ ಕೊಂಡ ತಾರೀಖನ್ನೂ ಬರೆದಿಡಬೇಕು. ಬಳಿಕ ಜಾಲದ ಸಂಪರ್ಕವನ್ನು ಕಿತ್ತು, ಲಾಂಚರನ್ನು ಮುಚ್ಚಿ, ಆಟದ ಫೋಲ್ಡರಿನೊಳಗಿನ ಫೈಲನ್ನೇ ನೇರವಾಗಿ ಒತ್ತಿ ನೋಡಬೇಕು. ಆಟ ತೆರೆದರೆ ಅದು ನಿಮ್ಮದು; ತೆರೆಯದಿದ್ದರೆ ನೀವು ಬಾಡಿಗೆದಾರರು. ಲಾಂಚರ್ ಇರುವ ಅಂಗಡಿಗಳಲ್ಲಿಯೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಆಟಗಳು ಉಂಟೆಂಬುದನ್ನು ಮರೆಯಬಾರದು. ಬಾಡಿಗೆಗೆ ಪಡೆಯುವುದೂ ತಪ್ಪಲ್ಲ. ಬಾಡಿಗೆಯೆಂದು ತಿಳಿದು, ಬಾಡಿಗೆಯ ಬೆಲೆಯನ್ನೇ ಕೊಟ್ಟು ಪಡೆಯಬೇಕು.

ಕಾಲದಿಂದ ಬರುವ ತೊಡಕು ಬೇರೆ, ಬೇಕೆಂದೇ ಹಾಕಿದ ಬೀಗ ಬೇರೆ. ಡಾಸ್ ಕಾಲದ ಆಟಗಳು ಇಂದಿನ ಯಂತ್ರಗಳಲ್ಲಿ ತಾವಾಗಿ ಓಡವು. 2002ರಲ್ಲಿ ಬಂದ ‘ಡಾಸ್‌ಬಾಕ್ಸ್’ ಎಂಬ ಉಚಿತ ಪ್ರೋಗ್ರಾಮು ಹಳೆಯ ಯಂತ್ರದ ವೇಷ ತೊಟ್ಟು ಅವನ್ನು ಓಡಿಸುತ್ತದೆ. ಇದು ಶಾಸನತಜ್ಞರ ಕೆಲಸದಂಥದು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಅದರ ಲಿಪಿ ನಮಗೆ ಅಪರಿಚಿತ. ಆದರೂ ಲಿಪಿ ಕಲಿತವರು ಓದಿದರು. ಕೆತ್ತಿದವನ ಅಪ್ಪಣೆಗಾಗಿ ಕಾಯಬೇಕಾಗಲಿಲ್ಲ. ಹಂಪಿಯ ಹಾಸುಗಲ್ಲುಗಳ ಮೇಲೆ ಕೊರೆದ ಆಟದ ಮನೆಗಳ ಮಾತೂ ಅಷ್ಟೇ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ‘ಕೌತುಕನಿಧಿ’ಯನ್ನು ಆಟಗಳಿಗೇ ಮೀಸಲಿಟ್ಟರು, ಅದನ್ನು ನೋಡಿ ಇಂದಿನವರು ಮಣೆ ಮಾಡಿಸಿಕೊಂಡು ಆಡಬಲ್ಲರು. ಆಟಗಳು ಒಂದು ನಾಡಿನ ಬುದ್ಧಿಯ ದಾಖಲೆಗಳೆಂದು ಅರಸರು ಬಗೆದಿದ್ದರು.

ನಮ್ಮ ಕಾಲದ ಆಟಗಳನ್ನು ಮುಂದಿನವರು ಆಡಿಯಾರೇ? ಅಜ್ಜಿಯ ಅಳಗುಳಿ ಮಣೆ ಮೊಮ್ಮಗಳಿಗೆ ಬರುವಾಗ ಅದನ್ನು ಮಾಡಿದ ಬಡಗಿಯ ಸರ್ವರು ನಡೆಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ. ಮನೆ ಕೊಳ್ಳುವಾಗ ಪತ್ರವನ್ನು ನಾಲ್ಕು ಜನಕ್ಕೆ ತೋರಿಸಿ ಓದಿಸುವ ನಾವು, ಮಕ್ಕಳು ಆಟ ಕೊಳ್ಳುವಾಗಲೂ ಪಕ್ಕದಲ್ಲಿ ಕುಳಿತು ಕರಾರನ್ನು ಒಮ್ಮೆ ಓದಿದರೆ, ಮಾರುವವರು ತಮ್ಮ ಫಲಕವನ್ನು ಸರಿಯಾಗಿ ಬರೆಯುವುದನ್ನು ಕಲಿತಾರು.