ನನ್ನ ಮಷಿನ್‌ನಲ್ಲಿ ಓಡ್ತಿದೆಯಲ್ಲ!

ರಾತ್ರಿ ಎರಡು ಗಂಟೆಗೆ ಓಡಿಸಿದರೆ ಟೆಸ್ಟ್ ಫೇಲ್. ಬೆಳಗಿನ ಕಾಫಿ ಮುಗಿಸಿ ಬಂದು ಓಡಿಸಿದರೆ ಪಾಸ್. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಯಾವ ಹೊತ್ತಿನಲ್ಲಿ ಓಡಿಸಿದರೂ ತಕರಾರಿಲ್ಲ, ಸರ್ವರ್‌ನಲ್ಲಿ ಮಾತ್ರ ಈ ಆಟ. ಕಾರಣ ಸಿಕ್ಕಾಗ ನಗು ಬರುತ್ತದೆ. ಲ್ಯಾಪ್‌ಟಾಪ್ ಭಾರತೀಯ ಕಾಲಮಾನದಲ್ಲಿದೆ, ಸರ್ವರ್ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ. ನಡುವೆ ಐದೂವರೆ ಗಂಟೆಯ ಅಂತರ. ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಇಲ್ಲಿ ತಾರೀಕು ಬದಲಾಗಿರುತ್ತದೆ, ಅಲ್ಲಿ ಇನ್ನೂ ನಿನ್ನೆಯೇ ನಡೆಯುತ್ತಿರುತ್ತದೆ. ಟೆಸ್ಟ್ ಹುಡುಕುತ್ತಿದ್ದ ಬಿಲ್‌ಗೆ ತಾರೀಕು ಬಿದ್ದದ್ದು ಒಂದು ಕಾಲಮಾನದಲ್ಲಿ, "ಇವತ್ತಿನ ಬಿಲ್" ಎಂದು ಹುಡುಕಿದ್ದು ಇನ್ನೊಂದರಲ್ಲಿ.

ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಥ ಜಗಳಕ್ಕೆ ಒಂದು ಸಿದ್ಧ ಉತ್ತರವಿದೆ: "ನನ್ನ ಮಷಿನ್‌ನಲ್ಲಿ ಓಡ್ತಿದೆಯಲ್ಲ!" ಹಾಗೆನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ನಿಜಕ್ಕೂ ಓಡುತ್ತಿರುತ್ತದೆ. ಬರೆದ ಕೋಡ್ ಒಂದೇ ಆದರೂ ಅದರಡಿಯಲ್ಲಿರುವ ಭಾಷೆಯ ಆವೃತ್ತಿ, ಲೈಬ್ರರಿ, ಗಡಿಯಾರ, ಡಿಸ್ಕ್‌ನ ಸ್ವಭಾವ ಇವೆಲ್ಲ ಯಂತ್ರದಿಂದ ಯಂತ್ರಕ್ಕೆ ಬೇರೆ. ಮ್ಯಾಕ್ ಸಾಮಾನ್ಯವಾಗಿ ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದ ನೋಡುವುದಿಲ್ಲ, ಲಿನಕ್ಸ್ ನೋಡುತ್ತದೆ. ಮ್ಯಾಕ್‌ನಲ್ಲಿ ತಿಂಗಳುಗಟ್ಟಲೆ ಓಡಿದ ಪ್ರೋಗ್ರಾಮ್ ಲಿನಕ್ಸ್ ಸರ್ವರ್ ಹತ್ತಿದ ಕೂಡಲೇ "ಕಡತ ಸಿಗುತ್ತಿಲ್ಲ" ಎಂದು ಕುಸಿಯಲು ಒಂದು ದೊಡ್ಡಕ್ಷರ ಸಾಕು.

ಕಂಟೇನರ್ ಬಂದದ್ದು ಈ ಗೋಜಲಿಗೆ ಪರಿಹಾರವಾಗಿ. ಕೋಡ್ ಜೊತೆಗೆ, ಅದು ಓಡಬೇಕಾದ ಯಂತ್ರ ಹೇಗಿರಬೇಕೆಂಬುದನ್ನೂ ಒಂದು ಕಡತದಲ್ಲಿ ಬರೆದಿಡುವುದು ಇದರ ತಿರುಳು. ಆ ಬರಹದಿಂದ ಯಾರ ಲ್ಯಾಪ್‌ಟಾಪ್‌ನಲ್ಲಾದರೂ ಒಂದೇ ತೆರನಾದ ಪರಿಸರ ಎದ್ದು ನಿಲ್ಲುತ್ತದೆ. ಬರೆಯಲು ಮರೆತದ್ದು ಮಾತ್ರ ಮೊದಲಿನಂತೆಯೇ ಸೋರುತ್ತಿರುತ್ತದೆ. ಕಂಟೇನರ್ ಬಳಸುವವರ ತಲೆನೋವುಗಳಲ್ಲಿ ಹೆಚ್ಚಿನವು ಹುಟ್ಟುವುದು ಅಲ್ಲೇ.

ಕಂಟೇನರ್‌ನ ಬೇರು ಹಳೆಯದು. 1979ರಲ್ಲಿ ಯುನಿಕ್ಸ್‌ಗೆ ಸೇರಿದ 'ಸಿಎಚ್‌ರೂಟ್', ಪ್ರೋಗ್ರಾಮ್‌ಗೆ ಒಂದು ಫೋಲ್ಡರನ್ನೇ ಇಡೀ ಡಿಸ್ಕ್ ಎಂದು ನಂಬಿಸುವ ಉಪಾಯ. 2000ದಲ್ಲಿ ಫ್ರೀಬಿಎಸ್‌ಡಿಯ 'ಜೈಲ್' ಬಂತು. 2002ರಿಂದ ಲಿನಕ್ಸ್ ಒಂದೊಂದಾಗಿ ನೇಮ್‌ಸ್ಪೇಸ್‌ಗಳನ್ನು ಸೇರಿಸಿಕೊಂಡಿತು. ಇವು ಪ್ರೋಗ್ರಾಮ್‌ಗೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ನಿರ್ಧರಿಸಿದವು. ಸಿಪಿಯು, ಮೆಮೊರಿ ಎಷ್ಟು ಸಿಗಬೇಕು ಎಂಬುದನ್ನು ನಿರ್ಧರಿಸಲು ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಕೈಹಾಕಿದ 'ಸಿ-ಗ್ರೂಪ್' 2008ರ ಜನವರಿಯಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಸೇರಿತು.

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಸಿಪಿಯು ಸಮಯವನ್ನು ಪ್ರೋಗ್ರಾಮ್‌ಗಳ ಗುಂಪುಗಳ ನಡುವೆ ಹಂಚುವ ಕೆಲಸಕ್ಕೆ ದುಡಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಶ್ರೀವತ್ಸ ವಡ್ಡಗಿರಿ. ಮೆಮೊರಿಯ ಮಿತಿ ಕಾಯುವ ಭಾಗವನ್ನು ಬರೆದವರು ಅದೇ ಸಂಸ್ಥೆಯ ಬಲ್ಬೀರ್ ಸಿಂಗ್. ಕರ್ನಲ್‌ನ ಮೂಲ ಕಡತಗಳ ಆರಂಭದಲ್ಲಿ, 2007ರ ಇಸವಿಯ ಜೊತೆ, ಇಬ್ಬರ ಹೆಸರೂ ಇದೆ.

ಇಷ್ಟೆಲ್ಲ ಇದ್ದರೂ ಸಾಮಾನ್ಯ ಪ್ರೋಗ್ರಾಮರ್‌ಗೆ ಕಂಟೇನರ್ ಕೈಗೆಟುಕುತ್ತಿರಲಿಲ್ಲ. 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಕಾನ್ ಸಮ್ಮೇಳನದಲ್ಲಿ ಡಾಟ್‌ಕ್ಲೌಡ್ ಕಂಪನಿಯ ಸಾಲೊಮನ್ ಹೈಕ್ಸ್ ಐದು ನಿಮಿಷದ ಒಂದು ಪುಟ್ಟ ಭಾಷಣದಲ್ಲಿ ಕಂಟೇನರ್‌ಗಳನ್ನು ಸುಲಭವಾಗಿ ಕಟ್ಟಿ ಓಡಿಸುವ ಡಾಕರ್ ಅನ್ನು ತೋರಿಸಿದರು. ಅದೇ ವರ್ಷ ಕಂಪನಿಯ ಹೆಸರೇ ಡಾಕರ್ ಎಂದಾಯಿತು.

ಕಂಟೇನರ್‌ಗಳು ವಠಾರದ ಮನೆಗಳಿದ್ದಂತೆ. ಬಾಗಿಲು, ಅಡುಗೆಮನೆ ಬೇರೆ ಬೇರೆ, ಬಾವಿ ಒಂದೇ. ಆ ಬಾವಿಯೇ ಕರ್ನಲ್. ತನ್ನದೇ ಪ್ರತ್ಯೇಕ ಕರ್ನಲ್ ಇಟ್ಟುಕೊಳ್ಳುವ ವರ್ಚುವಲ್ ಮಷಿನ್ ಏಳಲು ಹೊತ್ತು ತೆಗೆದುಕೊಂಡರೆ ಕಂಟೇನರ್ ಕ್ಷಣದಲ್ಲಿ ಸಿದ್ಧ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಲಿನಕ್ಸ್ ಕರ್ನಲ್ ಇಲ್ಲದ್ದರಿಂದ ಡಾಕರ್ ಅಲ್ಲಿ ತೆರೆಮರೆಯಲ್ಲಿ ಒಂದು ಪುಟ್ಟ ಲಿನಕ್ಸ್ ಯಂತ್ರವನ್ನೇ ನಡೆಸುತ್ತದೆ.

ಕಂಟೇನರ್ ಕಟ್ಟುವುದು ಕಷ್ಟವಲ್ಲ. 'ಡಾಕರ್‌ಫೈಲ್' ಎಂಬ ಕಡತದ ಮೊದಲ ಸಾಲು ತಳಹದಿ ಯಾವುದೆಂದು ಹೇಳುತ್ತದೆ, ಉದಾಹರಣೆಗೆ ಪೈಥಾನ್ 3.12ರ 'ಸ್ಲಿಮ್' ಇಮೇಜ್, ಅಂದರೆ ಸಿದ್ಧ ಅಚ್ಚು. ಆಮೇಲೆ ಬೇಕಾದ ಲೈಬ್ರರಿಗಳ ಪಟ್ಟಿ ಒಳಗೆ ಹೋಗುತ್ತದೆ, ಲೈಬ್ರರಿಗಳು ಇಳಿಯುತ್ತವೆ, ಕೊನೆಗೆ ಕೋಡ್. ಈ ಕ್ರಮ ಸುಮ್ಮನೆ ಬಂದದ್ದಲ್ಲ. ಡಾಕರ್ ಪ್ರತಿ ಹಂತವನ್ನೂ ಒಂದು ಪದರವಾಗಿ ಉಳಿಸಿಕೊಳ್ಳುತ್ತದೆ, ಬದಲಾದ ಪದರದಿಂದ ಮುಂದಿನದನ್ನು ಮಾತ್ರ ಮತ್ತೆ ಕಟ್ಟುತ್ತದೆ. ಕೋಡನ್ನು ಮೊದಲೇ ಹಾಕಿಬಿಟ್ಟರೆ ಒಂದು ಅಲ್ಪವಿರಾಮ ತಿದ್ದಿದರೂ ಲೈಬ್ರರಿಗಳೆಲ್ಲ ಹೊಸದಾಗಿ ಇಳಿಯುವುದನ್ನು ನೋಡುತ್ತ ಕೂರಬೇಕು.

ಡೇಟಾಬೇಸ್ ಬೇಕಾದಾಗ 'ಕಂಪೋಸ್' ಕಡತ ಬರುತ್ತದೆ. ಅದರಲ್ಲಿ ಕೋಡ್‌ಗೊಂದು, ಡೇಟಾಬೇಸ್‌ಗೊಂದು ಎಂದು ಎರಡು ಕಂಟೇನರ್ ಹೆಸರಿಸಿದರೆ ಎರಡೂ ಒಂದೇ ಆಜ್ಞೆಗೆ ಏಳುತ್ತವೆ. ಹೊಸಬರು ಎಡವುವುದೂ ಇಲ್ಲೇ. ಲ್ಯಾಪ್‌ಟಾಪ್‌ನ ರೂಢಿಯಂತೆ 'ಲೋಕಲ್‌ಹೋಸ್ಟ್' ಎಂದು ಬರೆದರೆ ಡೇಟಾಬೇಸ್ ಸಿಗುವುದಿಲ್ಲ. ಕಂಟೇನರ್‌ನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ತಾನೇ. ಅದರ ಬದಲು ಡೇಟಾಬೇಸ್ ಕಂಟೇನರ್‌ಗೆ ಕಂಪೋಸ್‌ನಲ್ಲಿ ಕೊಟ್ಟ ಹೆಸರು ಬರಬೇಕು. "ಇದಾದ ಮೇಲೆ ಅದು" ಎಂದು ಕ್ರಮ ಬರೆದರೂ ಡಾಕರ್ ಕಾಯುವುದು ಮೊದಲನೆಯದು ಶುರುವಾಗುವ ತನಕ ಮಾತ್ರ, ಅದು ಉತ್ತರ ಕೊಡುವಷ್ಟು ಸಿದ್ಧವಾಗುವ ತನಕ ಅಲ್ಲ. ಸಿದ್ಧವಾಗಿದೆಯೇ ಎಂದು ವಿಚಾರಿಸುವ ಹೆಲ್ತ್‌ಚೆಕ್ ಬರೆಯದಿದ್ದರೆ ಹತ್ತು ಸಲದಲ್ಲಿ ಒಂದೆರಡು ಸಲ ಫೇಲಾಗುವ, ಯಾರಿಗೂ ಅರ್ಥವಾಗದ ಟೆಸ್ಟ್ ಹುಟ್ಟುತ್ತದೆ.

ಅಷ್ಟು ಸರಿಮಾಡಿಕೊಂಡವರಿಗೆ ಲಾಭ ಬಹಳ. ಹಳೇ ಗ್ರಾಹಕರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ 11ನೇ ಆವೃತ್ತಿಯಲ್ಲಿ ಕಂಡ ದೋಷವನ್ನು, ಲ್ಯಾಪ್‌ಟಾಪ್‌ನಲ್ಲಿರುವ 16ನೇ ಆವೃತ್ತಿಯನ್ನು ಮುಟ್ಟದೆಯೇ, ಪಕ್ಕದಲ್ಲಿ 11 ಎಬ್ಬಿಸಿ ನೋಡಬಹುದು. ಟೆಸ್ಟ್ ಶುರುವಾದಾಗ ಖಾಲಿ ಡೇಟಾಬೇಸ್ ಎಬ್ಬಿಸಿ, ಮುಗಿದ ಮೇಲೆ ಎಸೆಯಬಹುದು. 2015ರಲ್ಲಿ ಜಾವಾ ಬಳಗದಲ್ಲಿ ಹುಟ್ಟಿದ 'ಟೆಸ್ಟ್‌ಕಂಟೇನರ್ಸ್' ಮಾಡುವುದು ಇದನ್ನೇ. ಡೀಬಗ್ ಮಾಡುವಾಗ ಲಾಗ್ ಓದುವುದು, 'ಎಕ್ಸೆಕ್' ಆಜ್ಞೆ ಕೊಟ್ಟು ಓಡುತ್ತಿರುವ ಕಂಟೇನರ್‌ನೊಳಗೆ ಇಳಿದು ನೋಡುವುದು ನಿತ್ಯದ ಕೆಲಸ. ಕೋಡಿನ ನಡುವೆ ನಿಲ್ಲಿಸಿ ನೋಡಬೇಕೆಂದರೆ ಡೀಬಗರ್‌ನ ಪೋರ್ಟನ್ನು ಹೊರಗೆ ತೆರೆದಿಟ್ಟು ಎಡಿಟರ್‌ನಿಂದಲೇ ಸೇರಿಕೊಳ್ಳಬಹುದು.

ಕೆಲವೊಮ್ಮೆ ಕಂಟೇನರ್ ಲಾಗ್‌ನಲ್ಲಿ ಒಂದು ಸಾಲೂ ಬಿಡದೆ ಸಾಯುತ್ತದೆ. ಉಳಿಯುವುದು 137 ಎಂಬ ಸಂಖ್ಯೆ. ಅದು 128ಕ್ಕೆ 9 ಕೂಡಿದ್ದು. 9 ಎಂದರೆ ಕೊಲ್ಲುವ ಸಿಗ್ನಲ್. ಸಾಮಾನ್ಯವಾಗಿ ಮೆಮೊರಿಯ ಮಿತಿ ಮೀರಿದ್ದಕ್ಕೆ ಕರ್ನಲ್ ಕೊಟ್ಟ ಶಿಕ್ಷೆ. ಜಾವಾ ಪ್ರೋಗ್ರಾಮ್‌ಗಳು ವರ್ಷಗಟ್ಟಲೆ ಹೀಗೆ ಸಾಯುತ್ತಿದ್ದವು. ಜಾವಾ ಓಡಿಸುವ ಹಳೆಯ ಜೆವಿಎಂ ಕಂಟೇನರ್‌ನ ಮಿತಿಯನ್ನು ನೋಡದೆ ಇಡೀ ಯಂತ್ರದ ಮೆಮೊರಿ ಎಣಿಸಿ, ಅದರ ಕಾಲುಭಾಗ ತನ್ನದೆಂದುಕೊಳ್ಳುತ್ತಿತ್ತು. 64 ಜಿಬಿ ಯಂತ್ರದಲ್ಲಿ 2 ಜಿಬಿ ಮಿತಿಯ ಕಂಟೇನರ್ ಇದ್ದರೆ 16 ಜಿಬಿಗೆ ಆಸೆಪಟ್ಟು ಪೆಟ್ಟು ತಿನ್ನುತ್ತಿತ್ತು. 2018ರಲ್ಲಿ ಬಂದ ಜಾವಾ 10 ಈ ಲೆಕ್ಕವನ್ನು ಸರಿಪಡಿಸಿತು.

ತಳಹದಿಯ ಆಯ್ಕೆಯಲ್ಲೂ ಸೂಕ್ಷ್ಮಗಳಿವೆ. ಕೆಲವೇ ಎಂಬಿಯ ಆಲ್ಪೈನ್ ಲಿನಕ್ಸ್ ಇಮೇಜ್ ನೋಡಿ ಮರುಳಾಗುವವರು ಹೆಚ್ಚು. ಡೆಬಿಯನ್ ಲಿನಕ್ಸ್‌ನಲ್ಲಿರುವ ಜಿ-ಲಿಬ್‌ಸಿ ಎಂಬ ಮೂಲ ಲೈಬ್ರರಿ ಅಲ್ಲಿಲ್ಲ, ಬದಲಿಗೆ ಮಸಲ್ ಎಂಬ ಪುಟ್ಟ ಲೈಬ್ರರಿ ಇದೆ. ಭಾಷೆಗೆ ತಕ್ಕ ವಿಂಗಡಣೆಯ ನಿಯಮಗಳನ್ನು ಅದು ಪಾಲಿಸುವುದಿಲ್ಲ. ಕನ್ನಡದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಕಲೆ, ಕವಿ, ಕಹಿ, ಕಳೆ ಎಂಬುದು ನಿಘಂಟಿನ ಕ್ರಮ, ಏಕೆಂದರೆ ವರ್ಣಮಾಲೆಯಲ್ಲಿ 'ಳ' ಇರುವುದು 'ಹ' ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಾದರೋ 'ಳ'ದ ಸ್ಥಾನ 'ಲ'ದ ಬೆನ್ನಿಗೇ. ನಿಯಮ ಗೊತ್ತಿಲ್ಲದ ಕಂಟೇನರ್ ಕಲೆ, ಕಳೆ, ಕವಿ, ಕಹಿ ಎಂದು ಜೋಡಿಸುತ್ತದೆ. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಎಂದೂ ಗೊತ್ತಾಗುವುದಿಲ್ಲ.

ವಿಂಗಡಣೆ ಅಷ್ಟು ಹಗುರವಾದ ವಿಷಯವೇನಲ್ಲ. 2018ರ ಆಗಸ್ಟ್‌ನಲ್ಲಿ ಬಂದ ಜಿ-ಲಿಬ್‌ಸಿ 2.28 ವಿಂಗಡಣೆಯ ನಿಯಮಗಳನ್ನು ವ್ಯಾಪಕವಾಗಿ ಬದಲಿಸಿತು. ಪೋಸ್ಟ್‌ಗ್ರೆಸ್‌ನ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲಿ ಕಟ್ಟಿದಂಥವು. ಕೆಳಗಿನ ಡೆಬಿಯನ್ 9ರಿಂದ 10ಕ್ಕೆ ಜಿಗಿದರೆ, ಡೇಟಾಬೇಸ್‌ನ ಆವೃತ್ತಿ ಅದೇ ಇದ್ದರೂ, ಇರುವ ದಾಖಲೆ ಹುಡುಕಿದಾಗ ಸಿಗದೆ ಹೋಗಬಹುದಿತ್ತು. ತಪ್ಪಿನ ಸಂದೇಶವೂ ಇಲ್ಲ! ಡಾಕರ್‌ಫೈಲ್‌ನಲ್ಲಿ 'ಲೇಟೆಸ್ಟ್' ಎಂದು ಬರೆಯುವುದು ಹಾಗಾಗಿ ಸೋಮಾರಿತನ. ಆವೃತ್ತಿಯನ್ನೂ ಅದರಡಿಯ ಡೆಬಿಯನ್ ಯಾವುದೆಂಬುದನ್ನೂ ಬರೆಯಬೇಕು, ಇನ್ನೂ ಖಾತ್ರಿ ಬೇಕಾದವರು ಇಮೇಜ್‌ನ ಬೆರಳಚ್ಚಿನಂತಿರುವ ಡೈಜೆಸ್ಟ್ ಸಂಖ್ಯೆಯನ್ನೇ ಹಾಕಬೇಕು.

ಎಷ್ಟೇ ಬರೆದರೂ ಪ್ರೊಸೆಸರ್ ಹೊರಗೇ ಉಳಿಯುತ್ತದೆ. 2020ರ ಕೊನೆಯಲ್ಲಿ ಆಪಲ್ ತನ್ನ ಎಂ1 ಚಿಪ್ ತಂದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಆರ್ಮ್ ಪ್ರೊಸೆಸರ್, ಸರ್ವರ್‌ನಲ್ಲಿ ಇಂಟೆಲ್ ಎಂಬ ಜೋಡಿ ಸಾಮಾನ್ಯವಾಯಿತು. ಒಂದಕ್ಕೆ ಕಟ್ಟಿದ ಇಮೇಜ್ ಇನ್ನೊಂದರಲ್ಲಿ ಅನುಕರಣೆಯ ಮೂಲಕ ತೆವಳುತ್ತದೆ, ಇಲ್ಲವೇ ಏಳುವುದೇ ಇಲ್ಲ. ಎರಡಕ್ಕೂ ಬೇರೆ ಬೇರೆ ಕಟ್ಟುವುದೇ ದಾರಿ.

ಹೀಗೆ ಕಟ್ಟುತ್ತ ಹೋದಂತೆ ಡಿಸ್ಕ್ ಸದ್ದಿಲ್ಲದೆ ತುಂಬುತ್ತದೆ. ಹಳೆಯ ಇಮೇಜ್‌ಗಳು, ನಿಂತುಹೋದ ಕಂಟೇನರ್‌ಗಳು ಗಿಗಾಬೈಟ್‌ಗಟ್ಟಲೆ ಬಿದ್ದಿರುತ್ತವೆ. 'ಡಾಕರ್ ಸಿಸ್ಟಮ್ ಪ್ರೂನ್' ಎಂಬ ಆಜ್ಞೆ ಅವನ್ನು ಗುಡಿಸುತ್ತದೆ. ಅದಕ್ಕೆ 'ವಾಲ್ಯೂಮ್ಸ್' ಎಂಬ ಬಾಲ ಸೇರಿಸಿದರೆ ಬಳಕೆಯಲ್ಲಿಲ್ಲದ, ಹೆಸರಿಡದ ವಾಲ್ಯೂಮ್‌ಗಳ, ಅಂದರೆ ಕಂಟೇನರ್‌ನ ಡೇಟಾ ಉಳಿಯುವ ಜಾಗಗಳ ಮೇಲೂ ಕೈಹಾಕುತ್ತದೆ. ನಿನ್ನೆ ಸಂಜೆ ಕಷ್ಟಪಟ್ಟು ಮರುಸೃಷ್ಟಿಸಿದ ದೋಷದ ಡೇಟಾ ಅಲ್ಲೇ ಇದ್ದಿರಬಹುದು. ಎಂಟರ್ ಒತ್ತುವ ಮುನ್ನ ವಾಲ್ಯೂಮ್‌ಗಳ ಪಟ್ಟಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.