ಮಗ್ಗಕ್ಕೂ ಉಪಗ್ರಹಕ್ಕೂ ಒದಗುವ ಮುಕ್ತ ತಂತ್ರಾಂಶ

ಸಾಫ್ಟ್‌ವೇರ್ ಬರೆದವರು ಅದರ ಸೋರ್ಸ್ ಕೋಡನ್ನೂ ಜೊತೆಗೇ ಕೊಟ್ಟು, ಯಾರು ಬೇಕಾದರೂ ಇದನ್ನು ಬಳಸಬಹುದು, ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು ಎಂದು ಲೈಸೆನ್ಸಿನಲ್ಲಿ ಬರೆದುಕೊಟ್ಟರೆ ಅದು ಮುಕ್ತ ತಂತ್ರಾಂಶ, ಅಂದರೆ ಓಪನ್ ಸೋರ್ಸ್ ಸಾಫ್ಟ್‌ವೇರ್. ದುಡ್ಡಿಲ್ಲದೆ ಸಿಗುವುದೆಲ್ಲ ಈ ಸಾಲಿಗೆ ಸೇರುವುದಿಲ್ಲ. ಗೂಗಲ್ ಅರ್ಥ್ ಪುಕ್ಕಟೆ; ಆದರೆ ಕಂಪನಿ ನಾಳೆ ಅದನ್ನು ನಿಲ್ಲಿಸಿದರೆ ಬಳಸುವವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ನಕ್ಷೆಯ ಕೆಲಸ ಮಾಡುವ ಕ್ಯೂಜಿಐಎಸ್ ಮುಕ್ತ ತಂತ್ರಾಂಶ. ಅದನ್ನು ಕಟ್ಟಿದವರೆಲ್ಲ ಕೈಬಿಟ್ಟರೂ ಕೋಡ್ ಉಳಿದಿರುತ್ತದೆ, ಬೇರೆಯವರು ಮುಂದುವರಿಸಬಹುದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅದರ ಸಾರ್ವಜನಿಕ ಲೈಸೆನ್ಸ್, ಜಿಪಿಎಲ್, ಹೊರಬಂತು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಲಿನಕ್ಸ್ ಬರೆದರು. ಇಂದು ಜಗತ್ತಿನ ಅಗ್ರ 500 ಸೂಪರ್‌ಕಂಪ್ಯೂಟರ್‌ಗಳೆಲ್ಲ ಓಡುವುದು ಲಿನಕ್ಸ್ ಮೇಲೆಯೇ.

ಇಂಥ ತಂತ್ರಾಂಶ ಬೆಂಗಳೂರಿನ ಐಟಿ ಕಂಪನಿಗಳ ವಿಷಯ ಎಂಬ ಭಾವನೆ ಇದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನು ಇಟ್ಟುಕೊಂಡು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. ಒಂದು ಕಡೆ ಶೇಂಗಾ, ಎಣ್ಣೆ ಗಿರಣಿ, ಈಚೆಗೆ ವಿಜ್ಞಾನ ಸಂಸ್ಥೆಗಳು. ಇನ್ನೊಂದು ಕಡೆ ರೇಷ್ಮೆ ಸೀರೆ, ಅಶೋಕನ ಶಾಸನಗಳು. ವಿನ್ಯಾಸ, ವಿಜ್ಞಾನ, ದತ್ತಾಂಶ ಮೂರಕ್ಕೂ ಇಲ್ಲಿ ಕೆಲಸವಿದೆ.

ಮೊದಲು ಮಗ್ಗ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅದರ ಅಂಚು, ಸೆರಗು, ಬುಟ್ಟಾಗಳ ಚಿತ್ತಾರ ಮೂಡುವುದು ಜಕಾರ್ಡ್‌ನಿಂದ. ಮಗ್ಗದ ಮೇಲೆ ಕೂತ ಈ ಯಂತ್ರದಲ್ಲಿ ತೂತು ಹೊಡೆದ ಕಾರ್ಡುಗಳ ಸರ ಸುತ್ತುತ್ತಿರುತ್ತದೆ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಲಾಳಿ ಒಂದು ಸಲ ಹಾಯಲು ಒಂದು ಕಾರ್ಡು. ಹೊಕ್ಕಿನ 200 ಎಳೆ ಎತ್ತರದ ಬುಟ್ಟಾ ಬೇಕಾದರೆ 200 ಕಾರ್ಡು. ಹಳೆಯ ಕ್ರಮದಲ್ಲಿ ಚಿತ್ರವನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಬೇಕು, ಆಮೇಲೆ ಒಂದೊಂದು ಸಾಲನ್ನೂ ನೋಡಿಕೊಂಡು ಕಾರ್ಡಿಗೆ ತೂತು ಹೊಡೆಯಬೇಕು. ದಿನಗಟ್ಟಲೆ ಕಣ್ಣು ನೆಟ್ಟು ಮಾಡುವ ಈ ಕೆಲಸದಲ್ಲಿ ಒಂದು ಚೌಕ ತಪ್ಪಿದರೆ ಅದು ಪ್ರತಿ ಬುಟ್ಟಾದಲ್ಲೂ ಮರುಕಳಿಸುತ್ತದೆ.

ಈ ಕೆಲಸವನ್ನು ಕಂಪ್ಯೂಟರಿಗೆ ವಹಿಸುವ ವಾಣಿಜ್ಯ ತಂತ್ರಾಂಶಗಳು ಇವೆ. ಅವುಗಳ ಬೆಲೆ ಮನೆಯಲ್ಲಿ ಒಂದೆರಡು ಮಗ್ಗ ಇಟ್ಟುಕೊಂಡವರ ಕೈಗೆಟುಕುವಂಥದ್ದಲ್ಲ. ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ರೂಪಿಸಿರುವ ‘ಡಿಜಿಬುನಾಯಿ’ ಈ ಕೊರತೆಗೆಂದೇ ಬಂದ ಮುಕ್ತ ತಂತ್ರಾಂಶ. ಜಕಾರ್ಡ್, ಡಾಬಿ ಎರಡೂ ಬಗೆಯ ನೇಯ್ಗೆಗೆ ಅದರಲ್ಲಿ ವಿನ್ಯಾಸ ಮಾಡಬಹುದು.

ಇಂಥ ತಂತ್ರಾಂಶ ಮಾಡುವ ಲೆಕ್ಕ ಸ್ವಾರಸ್ಯಕರವಾದದ್ದು. ಸೀರೆಯಲ್ಲಿ ಇಂಚಿಗೆ ಹಾಸಿನ 100 ಎಳೆ, ಹೊಕ್ಕಿನ 80 ಎಳೆ ಇವೆ ಎಂದಿಟ್ಟುಕೊಳ್ಳೋಣ. ಒಂದು ಇಂಚಿನ ದುಂಡು ಬುಟ್ಟಾ ಬೇಕು. ಕಂಪ್ಯೂಟರ್ ಪರದೆಯಲ್ಲಿ 100 ಚೌಕ ಅಗಲ, 100 ಚೌಕ ಎತ್ತರದ ವೃತ್ತ ಬರೆದು ಹಾಗೇ ಮಗ್ಗಕ್ಕೆ ಕೊಟ್ಟರೆ ಬಟ್ಟೆಯ ಮೇಲೆ ಅದರ ಎತ್ತರ ಒಂದೂಕಾಲು ಇಂಚಾಗಿ ಮೊಟ್ಟೆಯಂತೆ ಕಾಣುತ್ತದೆ. ಎತ್ತರವನ್ನು 80 ಚೌಕಕ್ಕೆ ಇಳಿಸಿದರೆ ಮಾತ್ರ ದುಂಡಗಾಗುತ್ತದೆ. ನೇಯ್ಗೆಯ ತಂತ್ರಾಂಶಕ್ಕೆ ಎಳೆಗಳ ಲೆಕ್ಕ ಹೇಳಿದರೆ ಈ ಹೊಂದಾಣಿಕೆ ತಾನಾಗಿ ಆಗುತ್ತದೆ. ಆಮೇಲೆ ಚಿತ್ರದ ಒಂದೊಂದು ಬಣ್ಣಕ್ಕೂ ಒಂದೊಂದು ನೇಯ್ಗೆಯನ್ನು ಕೂಡಿಸಬೇಕು. ಎಳೆ ಎಲ್ಲೂ ಸಿಕ್ಕಿಕೊಳ್ಳದೆ ಬಹುದೂರ ತೇಲಿದರೆ ಉಟ್ಟಾಗ ಬಳೆಗೋ ಉಗುರಿಗೋ ತಗುಲಿ ಕಿತ್ತುಬರುತ್ತದೆ. ಅಂಥ ಜಾಗ ಹುಡುಕಿ ಸರಿಪಡಿಸಬೇಕು. ಕೊನೆಗೆ ಕಾರ್ಡಿನ ತೂತುಗಳ ನಕ್ಷೆ ಸಿದ್ಧವಾಗುತ್ತದೆ. ಯಾವ ಬಣ್ಣ ಯಾವುದಕ್ಕೆ ಒಪ್ಪುತ್ತದೆ, ನವಿಲಿನ ಕತ್ತು ಎಷ್ಟು ಬಾಗಬೇಕು ಎಂಬುದು ಮಾತ್ರ ನೇಕಾರರ ಕಣ್ಣಿಗೇ ಬಿಟ್ಟದ್ದು.

ಚಿತ್ರ ಬರೆಯಲು ಬೇರೆ ಸಾಮಾನ್ಯ ಸಲಕರಣೆಗಳೂ ಇವೆ. ಫೋಟೊ ತಿದ್ದಲು ಗಿಂಪ್, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ರೇಖಾಚಿತ್ರಕ್ಕೆ 2003ರಲ್ಲಿ ಶುರುವಾದ ಇಂಕ್‌ಸ್ಕೇಪ್, ಯಂತ್ರಭಾಗಗಳಿಗೆ ಫ್ರೀಕ್ಯಾಡ್, ಸರ್ಕ್ಯೂಟ್ ಬೋರ್ಡಿಗೆ ಕೀಕ್ಯಾಡ್. ಮೂರು ಆಯಾಮದ ಚಿತ್ರ, ಅನಿಮೇಷನ್‌ಗೆ ಬಳಕೆಯಾಗುವ ಬ್ಲೆಂಡರ್ ಒಂದು ಕಾಲಕ್ಕೆ ಖಾಸಗಿ ಸೊತ್ತಾಗಿತ್ತು. ಅದರ ಕಂಪನಿ ಮುಚ್ಚಿಹೋದಾಗ ಬಳಕೆದಾರರು 2002ರಲ್ಲಿ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಚಂದಾ ಎತ್ತಿ ಕೋಡನ್ನು ಬಿಡಿಸಿಕೊಂಡರು.

ಇನ್ನು ವಿಜ್ಞಾನ. ಚಳ್ಳಕೆರೆಯ ಬಳಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಕಳಚಿಬಿಟ್ಟಿತು. ರೆಕ್ಕೆಯಿದ್ದ ಆ ವಾಹನ ತಾನೇ ದಾರಿ ಹಿಡಿದು ಇಲ್ಲಿನ ರನ್‌ವೇಗೆ ಬಂದಿಳಿಯಿತು. 2024ರಲ್ಲಿ ಇನ್ನೆರಡು ಸಲ ಇದೇ ಪ್ರಯೋಗ ನಡೆಯಿತು. ಬೇಲಿಯೊಳಗಿನ ಕೆಲಸ ಗೋಪ್ಯವಿರಲಿ, ಅದರ ಹಿಂದಿನ ಗಣಿತ ಗೋಪ್ಯವಲ್ಲ. ಬೀಳುವ ವಸ್ತು ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ತೇಲಿಬರುತ್ತದೆ ಎಂಬುದನ್ನು ಊರಿನ ಕಾಲೇಜು ವಿದ್ಯಾರ್ಥಿಯೂ ಮುಕ್ತವಾಗಿ ಸಿಗುವ ಪ್ರೋಗ್ರಾಮಿಂಗ್ ಭಾಷೆಗಳಾದ ಪೈಥಾನ್‌ನಲ್ಲೋ ಆಕ್ಟೇವ್‌ನಲ್ಲೋ ಲೆಕ್ಕ ಹಾಕಬಹುದು. ರೆಕ್ಕೆಯ ಸುತ್ತ ಗಾಳಿ ಹರಿಯುವುದನ್ನು ಲೆಕ್ಕ ಮಾಡಲು ಓಪನ್‌ಫೋಮ್ ಇದೆ. 2019ರಲ್ಲಿ ಜಗತ್ತು ನೋಡಿದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆ ಇದ್ದದ್ದೂ ಪೈಥಾನ್ ಮತ್ತು ಅದರ ನಮ್‌ಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಮುಕ್ತ ಪ್ಯಾಕೇಜುಗಳು. ಸಂಖ್ಯಾಶಾಸ್ತ್ರಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಆರ್’ ಉಂಟು.

ವಿಜ್ಞಾನದಲ್ಲಿ ಕೋಡ್ ತೆರೆದಿರುವುದು ಖರ್ಚಿನ ಮಾತಷ್ಟೇ ಅಲ್ಲ. ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ತಾಳೆ ನೋಡಬೇಕಾದರೆ ಲೆಕ್ಕ ಹೇಗೆ ನಡೆಯಿತೆಂಬುದು ಕಾಣಬೇಕು. ಮುಚ್ಚಿದ ತಂತ್ರಾಂಶ ಕೊಟ್ಟ ಉತ್ತರವನ್ನು ನಂಬಬಹುದು, ಪರೀಕ್ಷಿಸಲಾಗದು.

ಚಳ್ಳಕೆರೆ ಸೀಮೆ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಮಳೆ ಕೈಕೊಟ್ಟರೆ ಎಲ್ಲಿ ಬಾಡುತ್ತಿದೆ, ಎಲ್ಲಿ ತಡೆದುಕೊಂಡಿದೆ ಎಂದು ಕ್ಯೂಜಿಐಎಸ್‌ನಲ್ಲಿ ಕೂತಲ್ಲೇ ನೋಡಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಅವುಗಳಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಎಕರೆಗೆ ಸುಮಾರು 40 ಚುಕ್ಕೆ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ನುಂಗಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ ಹಸಿರಿನ ಅಳತೆ. 1ರ ಕಡೆಗೆ ಹೋದಷ್ಟೂ ದಟ್ಟ ಹಸಿರು, ಸೊನ್ನೆಯ ಹತ್ತಿರ ಬಂದರೆ ಬರಿ ನೆಲ. ಎರಡು ತಿಂಗಳ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟರೆ ಬೆಳೆಯ ಕಥೆ ಕಾಣುತ್ತದೆ. ಮಳೆಗಾಲದ ಮೋಡ ಅಡ್ಡ ಬರುವುದೊಂದೇ ತೊಡಕು. ಮೊಳಕಾಲ್ಮೂರು ತಾಲ್ಲೂಕಿನ ರಂಗಯ್ಯನದುರ್ಗ ಜಲಾಶಯದಲ್ಲಿ ನೀರು ಎಷ್ಟು ಹರಡಿದೆ ಎಂಬುದನ್ನೂ ಇದೇ ಬಗೆಯಲ್ಲಿ ಅಳೆಯಬಹುದು.

ದತ್ತಾಂಶ ಕೋಶ, ಅಂದರೆ ಡೇಟಾಬೇಸ್, ಕಣ್ಣಿಗೆ ಕಾಣದೆ ದುಡಿಯುವ ತಂತ್ರಾಂಶ. ನೇಕಾರರ ಸಹಕಾರ ಸಂಘವೊಂದು ನೂಲು, ಜರಿ ಕೊಟ್ಟು, ಸೀರೆ ತೆಗೆದುಕೊಂಡು, ಕೂಲಿ ಬಟವಾಡೆ ಮಾಡುತ್ತದೆ ಎನ್ನಿ. ಸೀರೆ ಜಮಾ ಆಯಿತು, ಕೂಲಿ ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಎಕ್ಸೆಲ್ ಹಾಳೆಯಲ್ಲಾದರೆ ಲೆಕ್ಕ ಅರ್ಧಕ್ಕೆ ನಿಲ್ಲುತ್ತದೆ. ಡೇಟಾಬೇಸಿನಲ್ಲಿ ಎರಡೂ ದಾಖಲಾಗಬೇಕು, ಇಲ್ಲವೇ ಎರಡೂ ಆಗಬಾರದು ಎಂದು ಕಟ್ಟುಪಾಡು ಹಾಕಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಇಂಥ ಕೆಲಸಕ್ಕೆ ಹೆಸರಾದ ಮುಕ್ತ ತಂತ್ರಾಂಶ. ಅದರ ಬೇರು 1986ರ ಸುಮಾರಿಗೆ ಬರ್ಕ್ಲಿಯಲ್ಲಿ ಶುರುವಾದ ಸಂಶೋಧನೆಯಲ್ಲಿದೆ. ಮೈಎಸ್‌ಕ್ಯೂಎಲ್, ಅದರಿಂದ ಕವಲೊಡೆದ ಮಾರಿಯಾಡಿಬಿ ಕೂಡ ಬಳಕೆಯಲ್ಲಿವೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಪ್ರತಿಯೊಂದು ಆಂಡ್ರಾಯ್ಡ್ ಫೋನಿನೊಳಗೂ ಇದೆ. ಸರ್ಕಾರಿ ಕೆಲಸಕ್ಕೆ ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡಬೇಕೆಂದು ಭಾರತ ಸರ್ಕಾರ 2015ರಲ್ಲೇ ನೀತಿ ಮಾಡಿದೆ.

ಕೋಡ್ ಬಯಲಲ್ಲಿದ್ದರೆ ಕಳ್ಳರಿಗೆ ಅನುಕೂಲವಲ್ಲವೇ ಎಂಬ ಪ್ರಶ್ನೆ ಸಹಜ. 2024ರ ಮಾರ್ಚಿನಲ್ಲಿ ನಡೆದದ್ದು ಎರಡೂ ಕಡೆಗೆ ಸಾಕ್ಷಿ ಹೇಳುತ್ತದೆ. ಲಿನಕ್ಸ್‌ನಲ್ಲಿ ಎಲ್ಲೆಡೆ ಬಳಕೆಯಾಗುವ ಎಕ್ಸ್‌ಜೆಡ್ ಎಂಬ ಸಣ್ಣ ಪ್ಯಾಕೇಜನ್ನು ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗುವಂತೆ ನಟಿಸಿ ವಿಶ್ವಾಸ ಗಳಿಸಿದ ಯಾರೋ ಅದರಲ್ಲಿ ಕಳ್ಳಬಾಗಿಲು ಅಡಗಿಸಿಟ್ಟರು. ಪೋಸ್ಟ್‌ಗ್ರೆಸ್‌ಕ್ಯೂಎಲ್ ತಂಡದ ಆಂಡ್ರೆಸ್ ಫ್ರಾಯ್ಂಡ್ ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ ಅದನ್ನು ಪತ್ತೆ ಹಚ್ಚಿದರು. ತೆರೆದ ಕೋಡ್ ಆದ್ದರಿಂದ ಹೊರಗಿನವರೊಬ್ಬರಿಗೆ ಒಳಗೆ ಇಣುಕಲು ಸಾಧ್ಯವಾಯಿತು. ಆದರೆ ಲಕ್ಷಾಂತರ ಯಂತ್ರಗಳ ಭಾರ ಸಂಬಳವಿಲ್ಲದ ಒಬ್ಬರ ಹೆಗಲ ಮೇಲಿತ್ತು ಎಂಬುದೂ ಅಷ್ಟೇ ನಿಜ. ಮುಕ್ತ ತಂತ್ರಾಂಶದ ದೊಡ್ಡ ದೌರ್ಬಲ್ಯ ಇದೇ.

ಇಂಥ ತಂತ್ರಾಂಶವನ್ನು ಜಗತ್ತಿನ ಬೇರೆ ಬೇರೆ ಮೂಲೆಯ ಜನ ಕೂಡಿ ಬರೆಯಲು ನೆರವಾಗುವ ಸಲಕರಣೆ ಗಿಟ್. ಯಾರು ಯಾವ ಸಾಲನ್ನು ಯಾವಾಗ ಬದಲಾಯಿಸಿದರು ಎಂಬುದನ್ನೆಲ್ಲ ಅದು ದಾಖಲಿಸುತ್ತದೆ. 2005ರಲ್ಲಿ ಟೊರ್ವಾಲ್ಡ್ಸ್ ಅವರೇ ಬರೆದದ್ದು. ಬರೆದವರ ಗುರುತು ಉಳಿಸುವ ವಿಷಯದಲ್ಲಿ ಮೊಳಕಾಲ್ಮೂರು ತಾಲ್ಲೂಕಿಗೆ ಹಳೆಯ ಹೆಸರೇ ಇದೆ. ಬ್ರಹ್ಮಗಿರಿಯ ಅಶೋಕ ಶಾಸನ ಬರೆದ ಚಪಡ ಬ್ರಾಹ್ಮಿಯಲ್ಲಿ ತನ್ನ ಹೆಸರು ಹಾಕಿ, ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಎರಡು ಲಿಪಿಗಳೂ ಈಗ ಯೂನಿಕೋಡ್‌ನಲ್ಲಿವೆ, ಮುಕ್ತ ಲೈಸೆನ್ಸಿನ ನೋಟೊ ಫಾಂಟ್‌ಗಳಲ್ಲಿ ಅವನ್ನು ಟೈಪ್ ಮಾಡಬಹುದು. ಕನ್ನಡಕ್ಕೂ ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟ್‌ಗಳಿವೆ. ಮುದ್ರಿತ ಕನ್ನಡ ಪುಟದ ಚಿತ್ರವನ್ನು ಪಠ್ಯವಾಗಿಸಲು ಟೆಸೆರಾಕ್ಟ್ ನೆರವಾಗುತ್ತದೆ.

ಸಲಕರಣೆಗೆ ಬರವಿಲ್ಲ, ಕಲಿಸುವವರಿಗೆ ಬರ. ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಂದ ಹಿಂದಿರುಗಿದ ಶಿಕ್ಷಕರು ತಮ್ಮ ಶಾಲೆಯ ಲ್ಯಾಬಿನಲ್ಲಿ ಇವುಗಳಲ್ಲಿ ಒಂದೆರಡನ್ನಾದರೂ ಮಕ್ಕಳ ಕೈಗೆ ಕೊಡಬಹುದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಹತ್ತು ನಿಮಿಷದ ಆಸುಪಾಸಿನ ಪಾಠಗಳನ್ನು ಮಾಡಿದ್ದು, ಅವುಗಳಲ್ಲಿ ಹಲವು ಕನ್ನಡ ಧ್ವನಿಯಲ್ಲೂ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಆದರೆ ಹೆಚ್ಚಿನ ತಂತ್ರಾಂಶಗಳ ಮೆನು, ಕೈಪಿಡಿಗಳು ಇಂಗ್ಲಿಷಿನಲ್ಲೇ ಇವೆ. ಅವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಲೈಸೆನ್ಸಿನಲ್ಲೇ ಅನುಮತಿ ಇದೆ.

ಹೊಸದಾಗಿ ಶುರು ಮಾಡುವವರು ಎರಡು ಮಾತು ನೆನಪಿಡಬೇಕು. ತಂತ್ರಾಂಶವನ್ನು ಆಯಾ ಯೋಜನೆಯ ಸ್ವಂತ ಜಾಲತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು, ಕಂಡಕಂಡಲ್ಲಿಂದ ಅಲ್ಲ. ಹಾಗೇ, ತಿದ್ದಿ ಹಂಚುವ ಉದ್ದೇಶವಿದ್ದರೆ ಲೈಸೆನ್ಸನ್ನು ಓದಬೇಕು: ಜಿಪಿಎಲ್ ಅಡಿಯ ಕೋಡನ್ನು ತಿದ್ದಿ ಹಂಚುವವರು ಆ ತಿದ್ದುಪಡಿಯ ಸೋರ್ಸ್ ಕೋಡನ್ನೂ ಕೊಡಲೇಬೇಕು.